ಕೊಸರು

ಬೈತಖೋಲಿನ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವನು ನಾನು.
ಇಪ್ಪತ್ತೆರಡು ವರ್ಷ: ಗಡ್ಡೆಗಿಷ್ಟು, ಪುಡಿಗಿಷ್ಟು.
ಸೊನ್ನೆ ನನಗೆ ಯಾವತ್ತೂ ಬಲಗಡೆಯ ನೆಂಟ,
ಬಂದನೆಂದರೆ ಮನೆ ತುಂಬುತ್ತಿತ್ತು.
ಎಡಗಡೆಯಿಂದ ನುಗ್ಗುವ ಸೊನ್ನೆಗಳನ್ನು
ತೋರಿಸಿದವನು ರೋಹಿದಾಸ.

ಬೋಟಿನ ಇಂಜಿನ್ ರಿಪೇರಿ ಅವನದು. ಉಗುರಲ್ಲಿ ಗ್ರೀಸು,
ಗಾಜು ಒಡೆದ ಮೊಬೈಲು, ಅದರೊಳಗೊಂದು ನಾಣ್ಯ,
ಮುಟ್ಟಲು ಬಾರದ್ದು, ಏಡಿಯ ಚಿತ್ರದ್ದು.
"ಇದರ ರೇಟು ಓದು ನೋಡುವಾ" ಎಂದ.

ಸೊನ್ನೆ ಬಿಂದು ಸೊನ್ನೆ ಸೊನ್ನೆ ಸೊನ್ನೆ
ಕನ್ನಡಕ ತೆಗೆದು ಒರೆಸಿದೆ
ಸೊನ್ನೆ. ಇದು ಮೂರನೆಯದೋ ನಾಲ್ಕನೆಯದೋ?
ಮತ್ತೆ ಮೊದಲಿಂದ,
ಬಲೆಯ ಅಂಚಿನ ಬೆಂಡುಗಳನ್ನು
ದೋಣಿ ಓಡುವಾಗ ಎಣಿಸಿದ ಹಾಗೆ.
ಕೊನೆಗೆ ನಾಲ್ಕು, ಎರಡು, ಏಳು.
ಬೆಲೆಯೋ ಮಾರಾಯಾ, ಬಿಕ್ಕಳಿಕೆಯೋ?

ಓದುವುದು ಹೋಗಲಿ, ಹೇಳಬೇಕಿತ್ತು.
ಪಾಲುದಾರ ವಾಮನ ತಾಂಡೇಲ ಕಡಲಲ್ಲಿ,
ದೇವಗಡದ ದೀಪದಾಚೆ. ಮೊಬೈಲು ಅಲ್ಲಿ ಮೂಕ.
ಇದ್ದದ್ದು ವಯರ್‌ಲೆಸ್, ಕರಕರ.
ಬಿಂದುವಿನಾಚೆ ಐದು ಸೊನ್ನೆ ಹೊರಟವು,
ತಲುಪಿದ್ದು ನಾಲ್ಕು.
ಏನೂ ಇಲ್ಲದ್ದು ನೀರಿಗೆ ಬಿದ್ದರೆ
ಏನು ಹೋಯಿತು ಅನ್ನಬೇಡಿ.
ವಾಮನ ಅಲ್ಲೇ ಹತ್ತು ಪಟ್ಟಾದ.
ಬೋಟಿಗೆ ಹೊಸ ವಿಂಚು, ಅಡುಗೆಯ ಹುಡುಗನಿಗೆ ಗಡಿಯಾರ,
ತಂಗಿಗೆ ಹೊಲಿಗೆಯಂತ್ರ
ಎಲ್ಲ ಆ ರಾತ್ರಿಯೇ ಮಾತು ಕೊಟ್ಟಾಯಿತು.
ಮೂರನೇ ದಿನ ಧಕ್ಕೆಗೆ ಹಾರಿ, ತಾನೇ ನೋಡಿ,
ಹಗ್ಗ ಬಿಗಿಯುವುದನ್ನೇ ಮರೆತ.
ಗಡಿಯಾರ ಮಾತ್ರ ಕೊಡಿಸಿದ. ಮಾತು ಮಾತೇ.

ಮನೆಗೆ ಹೋಗಿ ಅಜ್ಜನ ಕಡತ ಬಿಚ್ಚಿದೆ.
ಹದಿನಾರರಲ್ಲೊಂದು ವೀಸ,
ಅರವತ್ತನಾಲ್ಕರಲ್ಲೊಂದು ಕಾಣಿ.
ಎಷ್ಟು ಚಿಕ್ಕದಕ್ಕೂ ಕರೆಯಲೊಂದು ಹೆಸರಿಟ್ಟಿದ್ದರು,
ಮಕ್ಕಳನ್ನು ಕರೆದಂತೆ.
ಕಾಣಿಯ ಕೆಳಗೆ ಏನಿತ್ತೋ,
ಆ ಹಾಳೆಯನ್ನು ಗೆದ್ದಲು ತಿಂದಿದೆ.

ಅಷ್ಟರಲ್ಲಿ ರೋಹಿದಾಸನ ಮೊಬೈಲೇ ಬದಲಾಯಿತು.
ಐದು ಸೊನ್ನೆಯ ಬದಲು ಒಂದೇ ಸೊನ್ನೆ,
ಅದರ ಕಾಲಬುಡದಲ್ಲಿ ಕುಳಿತ ಪುಟ್ಟ ಐದು.
ಕಣ್ಣಿಗೇನೋ ಸಮಾಧಾನ.
ಬಾಯಿಗೆ? ಕಾಲಬುಡದಲ್ಲಿರುವುದನ್ನು
ವಯರ್‌ಲೆಸ್ಸಿನಲ್ಲಿ ಯಾವ ದನಿಯಲ್ಲಿ ಹೇಳುವುದು?
ಬಗ್ಗಿಯೇ?

ಇದನ್ನೆಲ್ಲ ಕೇಳುತ್ತ ಪಕ್ಕದಲ್ಲಿ
ಒಣ ಶೆಟ್ಲಿ ಅಳೆಯುತ್ತಿದ್ದಳು ಚಂದ್ರಭಾಗಿ.
ತಲೆ ಎತ್ತದೆ ಅಂದಳು:
"ಒಂದು ಶೆಟ್ಲಿಗೆ ಎಷ್ಟು ಅಂತ
ನನ್ನ ಹತ್ತಿರ ಈವರೆಗೆ ಯಾರೂ ಕೇಳಿದ್ದಿಲ್ಲ.
ಕೇಳಿದರೆ ನಾನೂ ತೊದಲಬೇಕು.
ಸಿದ್ದೆಗೆ ಎಷ್ಟು? ಅದು ಮಾತು."

ಸುಮ್ಮನಾದೆವು. ನಂತರ
ಐಸ್ ರಸೀದಿಯ ಬೆನ್ನ ಮೇಲೆ ಗೀಚಿದೆ:
ಹತ್ತು ಲಕ್ಷ ಏಡಿ, ಒಂದು ಸಿದ್ದೆ.
ಸಿದ್ದೆಗೆ ನಾಲ್ಕು ರೂಪಾಯಿ ಇಪ್ಪತ್ತೇಳು ಪೈಸೆ.
ಒಂದೇ ಉಸಿರಿಗೆ ಬಂತು.
ನನ್ನ ಕಾರಕೂನ ಬುದ್ಧಿ ಬಿಡಬೇಕಲ್ಲ,
"ಏಳರ ಮುಂದೆ ಇನ್ನೂ ಅಂಕಿಗಳಿವೆ" ಎಂದೆ.
"ಅದು ಕೊಸರು" ಎಂದವಳು
ತುಂಬಿದ ಸಿದ್ದೆಯ ಮೇಲೊಂದು ಹಿಡಿ ಸುರಿದಳು.
ಕೆಲವು ಜಾರಿ ನೆಲಕ್ಕೆ ಬಿದ್ದವು.
ಎಣಿಸಲಿಲ್ಲ ಯಾರೂ.

ಮುಂದಿನ ವಾರ ಗಾಳಿ ಜೋರಿತ್ತು.
ರೋಹಿದಾಸ ಮೈಕು ಹಿಡಿದು ಕೂಗಿದ:
"ಸಿದ್ದೆಗೆ ಮೂರು ರೂಪಾಯಿ ಹತ್ತು ಪೈಸೆ."
"ಕೇಳಿತು" ಎಂದ ವಾಮನ.
ಕರಕರದ ನಡುವೆಯೂ ಪೂರ್ತಿ ಕೇಳಿತ್ತು,
ಮತ್ತೊಮ್ಮೆ ಹೇಳು ಎನ್ನಲು ನೆಪವೇ ಇರಲಿಲ್ಲ.
ಆಮೇಲೆ ಆಚೆಯಿಂದ ಮಾತಿಲ್ಲ.
ಬಟನ್ ಬಿಡುವುದನ್ನು ಮರೆತಿರಬೇಕು,
ಇಂಜಿನ್ನಿನ ಸದ್ದು ಬರುತ್ತಲೇ ಇತ್ತು.
ರೋಹಿದಾಸ ಕಿವಿ ಹತ್ತಿರ ತಂದ, ತುಂಬ ಹೊತ್ತು ಕೇಳಿದ.
"ಒಂದು ನಾಝಲ್ ಹೋಗಿದೆ" ಎಂದ.